ದುವೊಮೊ ಅಂದರೆ ಡೋಮ್ ಅಲ್ಲ

ಪರಿಚಯದವರೊಬ್ಬರು ಮೊನ್ನೆ ಶನಿವಾರ, ಭಾನುವಾರ ಎರಡು ದಿನ ಫ್ಲಾರೆನ್ಸ್ ಸುತ್ತಿ ಬಂದರು. ಎಲ್ಲ ನಡೆದೇ ನೋಡಿದ್ದು. ಒಳ್ಳೆಯದೇ, ಆ ಊರನ್ನು ನೋಡಬೇಕಾದದ್ದೇ ಹಾಗೆ. ಆದರೆ ಅವರು ಹಾಕಿದ ಒಂದು ಫೋಟೊ ಕೆಳಗೆ ಹೀಗೆ ಬರೆದಿತ್ತು: 'ಇದೇ ಪ್ರಸಿದ್ಧ ದುವೊಮೊ. ಇಟಲಿಯವರು ಡೋಮ್‌ಗೆ ಹೀಗೆ ಅಂತಾರೆ.' ಕೆಂಪು ಹೆಂಚಿನ ಗುಮ್ಮಟವೊಂದರ ಚಿತ್ರ. ಈ ತಪ್ಪನ್ನು ನಾನು ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ. ಇನ್ನು ಸುಮ್ಮನಿರೋದು ಕಷ್ಟ. ಆ ಫೋಟೊದಲ್ಲಿ ಇನ್ನೂ ಒಂದು ತಪ್ಪಿತ್ತು, ಅದು ಆಮೇಲೆ.

ದುವೊಮೊ ಅಂದರೆ ಇಟಲಿಯ ಒಂದು ಊರಿನ ಮುಖ್ಯ ಚರ್ಚು. ಇಡೀ ಕಟ್ಟಡ. ಅದಕ್ಕೆ ಗುಮ್ಮಟ ಇರಬಹುದು, ಇಲ್ಲದೆಯೂ ಇರಬಹುದು. ಗುಮ್ಮಟಕ್ಕೆ ಅವರಲ್ಲಿ ಬೇರೆಯೇ ಪದ ಇದೆ, 'ಕೂಪೊಲಾ'. ಲ್ಯಾಟಿನ್‌ನಲ್ಲಿ 'ಕೂಪಾ' ಎಂದರೆ ಬಾನಿ, ಪೀಪಾಯಿ. 'ಕೂಪುಲಾ' ಎಂದರೆ ಪುಟ್ಟ ಬಾನಿ. ಬೋರಲು ಹಾಕಿದ ಬಾನಿಯೇ ಗುಮ್ಮಟ! ಫ್ಲಾರೆನ್ಸಿನವರು ತಮ್ಮ ಗುಮ್ಮಟವನ್ನು ಪ್ರೀತಿಯಿಂದ 'ಕುಪೊಲೋನೆ' ಅನ್ನುತ್ತಾರೆ. ಕೊನೆಯ 'ಓನೆ' ದೊಡ್ಡದು ಅನ್ನೋದಕ್ಕೆ. ಅಂದರೆ ಅಕ್ಷರಶಃ 'ದೊಡ್ಡ ಪುಟ್ಟ ಬಾನಿ'.

ಹಾಗಾದರೆ ದುವೊಮೊ ಎಲ್ಲಿಂದ ಬಂತು? ಲ್ಯಾಟಿನ್‌ನ 'ದೋಮುಸ್'ನಿಂದ. ಅದರರ್ಥ ಮನೆ, ಅಷ್ಟೇ. ದೇವರ ಮನೆ ಎಂಬ ಅರ್ಥದಲ್ಲಿ ಅದು ಚರ್ಚಿಗೆ ಅಂಟಿಕೊಂಡಿತು. (ನಮ್ಮಲ್ಲಿ ದೇವರಮನೆ ಅಂದರೆ ಅಡುಗೆಮನೆ ಪಕ್ಕದ ಚಿಕ್ಕ ಕೋಣೆ. ಅಲ್ಲಿ ಅದು ಊರಿಗೇ ದೊಡ್ಡ ಕಟ್ಟಡ.) ತಹಸೀಲ್ದಾರ್ ಕಚೇರಿಯಲ್ಲಿ ಸಾಲು ನಿಂತು ತರುವ ಡೊಮಿಸೈಲ್ ಸರ್ಟಿಫಿಕೇಟಿನಲ್ಲೂ, ಏರ್‌ಪೋರ್ಟಿನ ಡೊಮೆಸ್ಟಿಕ್ ಟರ್ಮಿನಲ್ಲಿನಲ್ಲೂ ಇರುವುದು ಇದೇ ಮನೆ.

ಇಷ್ಟೇ ಅಲ್ಲ, ಈ ಪದದ ಒಂದು ತುಂಡು ನಮ್ಮ ಲಗ್ನಪತ್ರಿಕೆಯಲ್ಲೂ ಇದೆ. 'ದಂಪತಿ'. ಸಂಸ್ಕೃತದ ಮೇಷ್ಟ್ರು ಇದನ್ನು 'ಜಾಯಾ ಚ ಪತಿಶ್ಚ' ಅಂತ ಬಿಡಿಸುತ್ತಾರೆ. ಹೆಂಡತಿ ಮತ್ತು ಗಂಡ. 'ಜಾಯಾ' ಹೋಗಿ 'ದಂ' ಹೇಗಾಯಿತು ಅಂತ ಕೇಳಿದರೆ, ಆಗುತ್ತೆ ಅಂತ ಸೂತ್ರ ಇದೆ, ಬರ್ಕೊ ಅನ್ನುತ್ತಾರೆ. ಭಾಷೆಗಳ ಇತಿಹಾಸ ನೋಡುವವರ ಉತ್ತರ ನನಗೆ ಜಾಸ್ತಿ ಹಿಡಿಸುತ್ತದೆ. 'ದಮ್' ಎಂದರೆ ಮನೆ, ದಂಪತಿ ಎಂದರೆ ಮನೆಯೊಡೆಯ. ಋಗ್ವೇದದಲ್ಲಿ ಒಬ್ಬನೇ ಒಡೆಯನಿಗೂ ಈ ಪದ ಬಂದಿದೆ. ಮನೆಯೊಡೆಯ, ಮನೆಯೊಡತಿ ಸೇರಿದ ಜೋಡಿಗೂ ಬಂದಿದೆ. ಆ 'ದಮ್'ಗೂ ಲ್ಯಾಟಿನ್‌ನ 'ದೋಮುಸ್'ಗೂ ಮೂಲ ಒಂದೇ. ಗ್ರೀಕಿನ 'ದೆಸ್ಪೊತೇಸ್' ಕೂಡ ಇದೇ ಕಟ್ಟು, ಅದೇ ಮನೆಯೊಡೆಯ. ಇಂಗ್ಲಿಷಿನ ಡೆಸ್ಪಾಟ್, ಅಂದರೆ ಸರ್ವಾಧಿಕಾರಿ, ಹುಟ್ಟಿದ್ದು ಅದರಿಂದ. ಮದುವೆಯಾದವರು ಇದನ್ನು ಮನೆಯಲ್ಲಿ ಜೋರಾಗಿ ಓದದಿದ್ದರೆ ವಾಸಿ.

ಗೊಂದಲಕ್ಕೆ ಕಾರಣ ಇಂಗ್ಲಿಷಿನ ಡೋಮ್. ಮೊದಮೊದಲು ಇಂಗ್ಲಿಷಿನಲ್ಲೂ ಅದಕ್ಕೆ ಮನೆ, ದೊಡ್ಡ ಕಟ್ಟಡ ಅನ್ನುವ ಅರ್ಥವೇ ಇತ್ತು. ಗುಮ್ಮಟ ಎಂಬ ಅರ್ಥ ಆಮೇಲಿನದು. ಅದರ ಹಿಂದೆ ಫ್ರೆಂಚ್ ಇದೆ, ಗ್ರೀಕಿನ 'ದೋಮಾ' ಇದೆ, ಇಟಲಿಯ ದುವೊಮೊದ ನೆರಳೂ ಇದೆ. ಯಾವ ದಾರಿ ಹಿಡಿದು ಹಿಂದೆ ಹೋದರೂ ಸಿಗುವುದು ಮನೆಯೇ. ಅಂದರೆ ಎರಡು ಪದಗಳೂ ನೆಂಟರು ಅನ್ನೋದು ನಿಜ. ಆದರೆ ನೆಂಟರು ಅಂದ ಮಾತ್ರಕ್ಕೆ ಇಬ್ಬರೂ ಒಬ್ಬರೇ ಆಗಿಬಿಡುತ್ತಾರಾ?

ವಿಜಯಪುರದಲ್ಲಿ ಇದರ ಉಲ್ಟಾ ನಡೆದಿದೆ. ಪಾರ್ಸಿಯ 'ಗುಂಬದ್' ಎಂದರೆ ಗುಮ್ಮಟ. ಅದರ ಹೆಸರನ್ನೇ 1656ರಲ್ಲಿ ಮುಗಿದ ಮಹಮ್ಮದ್ ಆದಿಲ್ ಶಾಹನ ಇಡೀ ಸಮಾಧಿ ಕಟ್ಟಡಕ್ಕೆ ಇಟ್ಟು ಗೋಳಗುಮ್ಮಟ ಅಂದೆವು. ನಾವು ಗುಮ್ಮಟದ ಹೆಸರನ್ನು ಮನೆಗೆ ಕೊಟ್ಟೆವು, ಇಂಗ್ಲಿಷಿನವರು ಮನೆಯ ಹೆಸರನ್ನು ಗುಮ್ಮಟಕ್ಕೆ ಕೊಟ್ಟರು. ಇಟಲಿಯವರು ಮಾತ್ರ ಎರಡನ್ನೂ ಬೇರೆ ಬೇರೆಯಾಗಿಯೇ ಇಟ್ಟುಕೊಂಡಿದ್ದಾರೆ.

ಗುಮ್ಮಟ ಇದ್ದರೆ ದುವೊಮೊ ಅನ್ನುವುದಾದರೆ ರೋಮಿನ ಸೇಂಟ್ ಪೀಟರ್ಸ್‌ಗೆ ಏನನ್ನಬೇಕು? ಅಷ್ಟು ದೊಡ್ಡ ಗುಮ್ಮಟ ಇಟ್ಟುಕೊಂಡೂ ಅದು ದುವೊಮೊ ಅಲ್ಲ. ರೋಮಿನ ಬಿಷಪ್ಪರ, ಅಂದರೆ ಪೋಪರ, ಪೀಠವೂ ಅಲ್ಲಿಲ್ಲ, ಅದೇ ಊರಿನ ಇನ್ನೊಂದು ಚರ್ಚಾದ ಲ್ಯಾಟರನ್‌ನಲ್ಲಿದೆ. ವೆನಿಸ್ಸಿನ ಸೇಂಟ್ ಮಾರ್ಕ್ಸ್‌ಗೆ ಐದು ಗುಮ್ಮಟ. ಅದನ್ನೂ ಯಾರೂ ದುವೊಮೊ ಅನ್ನುವುದಿಲ್ಲ. ಜರ್ಮನಿಯ ಕೊಲೋನ್‌ನಲ್ಲಿ ಮುಖ್ಯ ಚರ್ಚಿಗೆ ಇರುವುದು ಎರಡು ಚೂಪು ಗೋಪುರ, 157 ಮೀಟರ್ ಎತ್ತರ. ಅದರ ಹೆಸರು ಮಾತ್ರ 'ದೋಮ್'.

ದುವೊಮೊ ಅಂದರೆ ಕೆಥೀಡ್ರಲ್ ಅಂತ ಬರೆದರೆ ನಾನು ಜಗಳಕ್ಕೆ ಬರುವುದಿಲ್ಲ, ಹೆಚ್ಚಿನ ಕಡೆ ಸರಿಹೋಗುತ್ತದೆ. ಕೆಥೀಡ್ರಲ್‌ಗೆ ಬಿಷಪ್ಪರ ಪೀಠ ಇರಬೇಕು, 'ಕಥೇದ್ರಾ' ಎಂದರೆ ಆ ಪೀಠವೇ. ಮಿಲಾನ್ ಪಕ್ಕದ ಮೊನ್ಝಾದ ದುವೊಮೊದಲ್ಲಿ ಅಂಥ ಪೀಠ ಇಲ್ಲ. ಆದರೂ ಅದು ದುವೊಮೊ.

ಇನ್ನು ಫ್ಲಾರೆನ್ಸಿನದೇ ಕತೆ ನೋಡಿ. ಅಲ್ಲಿನ ದುವೊಮೊದ ಪೂರ್ತಿ ಹೆಸರು ಸಾಂತಾ ಮರಿಯಾ ದೆಲ್ ಫಿಯೋರೆ. ವಾಸ್ತುಶಿಲ್ಪಿ ಅರ್ನೋಲ್ಫೊ ದಿ ಕಾಂಬಿಯೊ 1296ರಲ್ಲಿ ಕೆಲಸ ಶುರುಮಾಡಿದ. ಬ್ರುನೆಲ್ಲೆಸ್ಕಿ ಎಂಬ ಇನ್ನೊಬ್ಬ ವಾಸ್ತುಶಿಲ್ಪಿಯ ಗುಮ್ಮಟದ ಕೆಲಸ ಶುರುವಾದದ್ದು 1420ರಲ್ಲಿ, ಮುಗಿದದ್ದು 1436ರಲ್ಲಿ. ಅಷ್ಟು ಅಗಲದ ಬಾಯಿಯನ್ನು ಹೇಗೆ ಮುಚ್ಚುವುದು ಅಂತಲೇ ಬಹಳ ಕಾಲ ಯಾರಿಗೂ ಹೊಳೆದಿರಲಿಲ್ಲ. ನೆಲದಿಂದ ಮರದ ಆಸರೆ ಎಬ್ಬಿಸದೆ ಬ್ರುನೆಲ್ಲೆಸ್ಕಿ ಅದನ್ನು ಕಟ್ಟಿದ. ಚರ್ಚಿನ ಕೆಲಸ ಶುರುವಾದ ಮೇಲೆ ನೂರಿಪ್ಪತ್ತಕ್ಕೂ ಹೆಚ್ಚು ವರ್ಷ ಊರಿನ ಮುಖ್ಯ ಚರ್ಚಿಗೆ ಗುಮ್ಮಟವೇ ಇರಲಿಲ್ಲ. ದುವೊಮೊಗೂ ಡೋಮ್‌ಗೂ ವ್ಯತ್ಯಾಸ ಹೇಳಲು ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಾ?

ಇದೆಲ್ಲ ಪದದ ಚರ್ಚೆ, ನಮಗೇನು ಅನ್ನುವವರಿಗೆ ಒಂದು ಮಾತು. ಇರೋದು ಎರಡೇ ದಿನ ಅಂದಾಗ ಈ ಗೊಂದಲ ಕಾಲಿಗೂ ತಟ್ಟುತ್ತದೆ. ರೈಲ್ವೆ ನಿಲ್ದಾಣದಿಂದ ದುವೊಮೊಗೆ ಹತ್ತು ನಿಮಿಷದ ನಡಿಗೆ. ಅಲ್ಲಿಗೆ ಹೋದರೆ ಮುಂಬಾಗಿಲಲ್ಲಿ ಉದ್ದನೆಯ ಸಾಲು. ಅದು ಚರ್ಚಿನ ಒಳಗೆ ಹೋಗುವ ಸಾಲು, ಅದಕ್ಕೆ ದುಡ್ಡಿಲ್ಲ. 'ದುವೊಮೊ ಹತ್ತಬೇಕು' ಅಂದುಕೊಂಡವರು ಅಲ್ಲೇ ನಿಂತು, ಒಳಗೆ ಹೋಗಿ ಮೆಟ್ಟಿಲು ಹುಡುಕುತ್ತಾರೆ. ಗುಮ್ಮಟ ಹತ್ತುವ ಬಾಗಿಲು ಉತ್ತರದ ಗೋಡೆಯಲ್ಲಿದೆ, ಹೆಸರು ಪೋರ್ತಾ ದೆಲ್ಲಾ ಮಾಂದೊರ್ಲಾ. ಅದಕ್ಕೆ ಬೇರೆ ಟಿಕೆಟ್ಟು, ಮೊದಲೇ ಸಮಯ ಗೊತ್ತುಮಾಡಿಕೊಂಡಿರಬೇಕು. ಆಮೇಲೆ 463 ಮೆಟ್ಟಿಲು, ಲಿಫ್ಟ್ ಇಲ್ಲ. ಗುಮ್ಮಟದ ಫೋಟೊ ಬೇಕಿದ್ದರೆ ಪಕ್ಕದ ಜೊತ್ತೊ ಗಂಟೆಗೋಪುರ ಹತ್ತಿ, 414 ಮೆಟ್ಟಿಲು. ಗುಮ್ಮಟದ ಮೇಲೆ ನಿಂತರೆ ಗುಮ್ಮಟ ಕಾಣಿಸಲ್ಲ, ಅಲ್ವಾ?

ಇಷ್ಟನ್ನೂ ನಾನು ಆ ಪರಿಚಯದವರಿಗೆ ಹೇಳಿದೆ. ಸ್ವಲ್ಪ ಜಾಸ್ತಿಯೇ ಹೇಳಿದೆ ಅನಿಸುತ್ತೆ. ಪಾಪ, ಬೇಜಾರು ಮಾಡಿಕೊಳ್ಳದೆ ಬರಹ ತಿದ್ದಿದರು. ಈಗ ಅಲ್ಲಿ 'ಫ್ಲಾರೆನ್ಸಿನ ದುವೊಮೊದ ಗುಮ್ಮಟ' ಅಂತಿದೆ. ಪದ ಸರಿಯಾಯಿತು. ಆದರೆ ಫೋಟೊದಲ್ಲಿರುವುದು ಎರಡು ಬೀದಿ ಆಚೆಯ ಸ್ಯಾನ್ ಲೊರೆಂಜೊ ಚರ್ಚಿನ ಗುಮ್ಮಟ.