ಅಪ್ಪನಿಗೆ ಆಯಸ್ಸು ಜಾಸ್ತಿ ಆಯ್ತಾ?

ಪ್ರಶ್ನೆ: ಇಂಟರ್‌ಸ್ಟೆಲ್ಲಾರ್ ಸಿನಿಮಾದಲ್ಲಿ ಕಪ್ಪು ಕುಳಿಯ ಹತ್ತಿರ ಹೋಗಿ ಬಂದ ಗಗನಯಾತ್ರಿ ಕೂಪರ್‌ಗೆ ಆಯಸ್ಸು ಹೆಚ್ಚಾಯಿತು. ಮಗಳು ಮುದುಕಿಯಾದರೂ ಅವನು ಹಾಗೇ ಇದ್ದ. ಅವನಿಗೆ ಲಾಭವೇ ಆಯಿತಲ್ವಾ? ಇದರಲ್ಲಿ ತ್ಯಾಗ ಏನು ಬಂತು?

ಮೈಸೂರಿನ ಸರಸ್ವತಿಪುರಂನಲ್ಲಿ ಪಿಯುಸಿ ಮಕ್ಕಳಿಗೆ ಫಿಸಿಕ್ಸ್ ಟ್ಯೂಷನ್ ಹೇಳುವವನು ನಾನು. 2014ರಲ್ಲಿ ಸಿನಿಮಾ ಬಂದಾಗ ಒಂದು ಬ್ಯಾಚು ಇದನ್ನೇ ಕೇಳಿತು, 2025ರ ಫೆಬ್ರವರಿಯಲ್ಲಿ ಮತ್ತೆ ತೆರೆಗೆ ಬಂದಾಗ ಇನ್ನೊಂದು ಬ್ಯಾಚು ಕೇಳಿತು, ಈಗ ಫೀಸು ಕಟ್ಟಲು ಬರುವ ಅಪ್ಪಂದಿರೂ ಶುರು ಮಾಡಿದ್ದಾರೆ. ಒಂದು ಸಲ ಬರೆದಿಟ್ಟುಬಿಡುತ್ತೇನೆ. ಇನ್ನು ಕೇಳಿದವರಿಗೆ ಇದನ್ನೇ ಕಳಿಸುವುದು.

ಆಯಸ್ಸು ಒಂದು ನಿಮಿಷವೂ ಹೆಚ್ಚಾಗಿಲ್ಲ.

ದೇವರಾಜ ಮಾರುಕಟ್ಟೆಯಲ್ಲಿ ಮಧ್ಯಾಹ್ನ ಒಂದು ಮೊಳ ಮಲ್ಲಿಗೆ ಮೊಗ್ಗು ತಗೊಳ್ಳಿ. ಸಂಜೆಗೆ ಅರಳುತ್ತದೆ, ಬೆಳಗಾದರೆ ಕಂದಿರುತ್ತದೆ. ಅದನ್ನು ಡಬ್ಬಿಗೆ ಹಾಕಿ ಕೂಪರ್ ಕೈಗೆ ಕೊಡಿ. ಕಪ್ಪು ಕುಳಿಯ ಪಕ್ಕದಲ್ಲೇ ಅವನು ಇಳಿಯುವ ನೀರಿನ ಗ್ರಹದಲ್ಲಿ, ಅಲ್ಲಿನ ಗುರುತ್ವದಿಂದಾಗಿ, ಒಂದು ಗಂಟೆ ಅಂದರೆ ಭೂಮಿಯಲ್ಲಿ 7 ವರ್ಷ. ಅವನು ನೌಕೆಗೆ ವಾಪಸ್ ಬರುವ ಹೊತ್ತಿಗೆ ಅಲ್ಲಿ ಕಾಯುತ್ತಿದ್ದವನಿಗೆ 23 ವರ್ಷ 4 ತಿಂಗಳು 8 ದಿನ ಕಳೆದು ಗಡ್ಡ ನರೆತಿದೆ. ಡಬ್ಬಿ ತೆಗೆದರೆ ಮೊಗ್ಗು ಈಗಷ್ಟೇ ಬಿರಿಯುತ್ತಿದೆ. ಅಬ್ಬಾ, 23 ವರ್ಷ ಬಾಡದ ಮಲ್ಲಿಗೆ ಅಂತೀರಿ. ಡಬ್ಬಿ ಹಿಡಿದುಕೊಂಡು ಬಂದವನನ್ನು ಕೇಳಿ ನೋಡಿ. ಲೆಕ್ಕ ಹಾಕಿದರೆ ಆ ಹೂವಿನ ಜೊತೆ ಅವನು ಇದ್ದದ್ದು ಸುಮಾರು 3 ಗಂಟೆ 20 ನಿಮಿಷ. ಅವನ ಮೂಗಿಗೆ ಸಿಕ್ಕ ಪರಿಮಳವೂ ಅಷ್ಟೇ ಹೊತ್ತಿನದು.

ಎದೆಬಡಿತ, ಹಸಿವು, ಉಗುರು, ಕೈಯಲ್ಲಿರುವ ವಾಚು, ಎಲ್ಲವೂ ಒಟ್ಟಿಗೇ ನಡೆಯುತ್ತವೆ. ಆದ್ದರಿಂದ ಅಲ್ಲಿದ್ದವನಿಗೆ ಕಾಲ ನಿಧಾನವಾಗಿದೆ ಅಂತ ಗೊತ್ತೇ ಆಗುವುದಿಲ್ಲ. 80 ವರ್ಷ ಬಾಳುವವನು ಎಲ್ಲೇ ಹೋದರೂ 80 ವರ್ಷದ ಊಟ, 80 ವರ್ಷದ ನಿದ್ದೆ. ಸಿನಿಮಾದ ಕೊನೆಯಲ್ಲಿ ಅವನಿಗೆ 124 ವರ್ಷ ಅನ್ನುತ್ತಾರಲ್ಲ, ಅದು ಕ್ಯಾಲೆಂಡರಿನ ಲೆಕ್ಕ, ಮೈಯ ಲೆಕ್ಕವಲ್ಲ. ಎಷ್ಟು ಸಲ ಹೇಳಲಿ ಇದನ್ನು!

ಅವನ ಖಾತೆಗೆ ಏನೂ ಜಮಾ ಆಗಿಲ್ಲ. ಆ ಗ್ರಹವೊಂದರಲ್ಲೇ ಖರ್ಚಾದದ್ದು ಮಕ್ಕಳ 23 ವರ್ಷ. ಅವನು ಪರದೆಯ ಮುಂದೆ ಕೂತು ಮಗ ಕಳಿಸಿದ ಸಂದೇಶಗಳನ್ನು ಒಂದಾದ ಮೇಲೊಂದು ನೋಡುತ್ತಾನೆ. ಮೊಮ್ಮಗು ಹುಟ್ಟಿದ್ದು, ಆ ಮಗು ಹೋಗಿಬಿಟ್ಟಿದ್ದು, ಎಲ್ಲ ಕೆಲವೇ ನಿಮಿಷಗಳಲ್ಲಿ. ಆಮೇಲೆ ಮಗಳು ಬರುತ್ತಾಳೆ, ನೀನು ಹೊರಟಾಗ ನಿನಗಿದ್ದ ವಯಸ್ಸು ಇವತ್ತು ನನಗಾಯಿತು ಅನ್ನುತ್ತಾಳೆ. ಲಾಭ ಅಂದವರು ಆ ದೃಶ್ಯ ಬಂದಾಗ ಪಾಪ್‌ಕಾರ್ನ್ ತರಲು ಹೋಗಿದ್ದಿರಬೇಕು.

ಇನ್ನು ಕಾಲ ನಿಧಾನವಾಗುವುದೇ ಬುರುಡೆ ಅನ್ನುವವರಿಗೆ: ಗುರುತ್ವದ ಆಳಕ್ಕೆ ಇಳಿದಷ್ಟೂ ಗಡಿಯಾರ ನಿಧಾನ, ಮೇಲೆ ಹೋದಷ್ಟೂ ಚುರುಕು. ಚಾಮುಂಡಿ ಬೆಟ್ಟ ಊರಿಗಿಂತ ಸುಮಾರು 300 ಮೀಟರ್ ಎತ್ತರದಲ್ಲಿದೆ. ಮೇಲಿನ ಗಡಿಯಾರ ಕೆಳಗಿನದಕ್ಕಿಂತ ವರ್ಷಕ್ಕೆ ಹೆಚ್ಚುಕಡಿಮೆ 1 ಮೈಕ್ರೋಸೆಕೆಂಡ್ ಮುಂದೆ ಓಡುತ್ತದೆ. ಒಂದು ಸೆಕೆಂಡ್ ವ್ಯತ್ಯಾಸ ಬರಲು 10 ಲಕ್ಷ ವರ್ಷ ಬೇಕು, ಮೆಟ್ಟಿಲು ಹತ್ತದಿರಲು ಅದನ್ನು ನೆಪ ಮಾಡಿಕೊಳ್ಳಬೇಡಿ. ಗಂಟೆಗೆ 7 ವರ್ಷ ಬೇಕೆಂದರೆ ಕಪ್ಪು ಕುಳಿ ತಿರುಗಬಹುದಾದ ಗರಿಷ್ಠ ವೇಗದ ಹತ್ತಿರ ಹತ್ತಿರಕ್ಕೆ ತಿರುಗುತ್ತಿರಬೇಕು. ಈ ಲೆಕ್ಕ ಹಾಕಿಕೊಟ್ಟ ಕಿಪ್ ಥಾರ್ನ್ 2017ರಲ್ಲಿ ನೊಬೆಲ್ ಪಡೆದವರು (ಅದು ಗುರುತ್ವ ಅಲೆಗಳ ಕೆಲಸಕ್ಕೆ, ಸಿನಿಮಾಕ್ಕಲ್ಲ).

ನೀವು ಕೇಳಿಲ್ಲ, ಆದರೂ ಮುಂದಿನ ಪ್ರಶ್ನೆ ನನಗೆ ಗೊತ್ತು. ಇದು ನಮ್ಮ ಭಾಗವತದಲ್ಲೇ ಇತ್ತಲ್ಲ? ಇತ್ತು, 9ನೇ ಸ್ಕಂಧದಲ್ಲಿ. ಕಕುದ್ಮಿ ರಾಜ ಮಗಳು ರೇವತಿಗೆ ಗಂಡು ಕೇಳಲು ಬ್ರಹ್ಮಲೋಕಕ್ಕೆ ಹೋದ. ಅಲ್ಲಿ ಸಂಗೀತ ನಡೆಯುತ್ತಿತ್ತು, ಮುಗಿಯಲಿ ಅಂತ ಸ್ವಲ್ಪ ಹೊತ್ತು ಕಾದ. ಅಷ್ಟರಲ್ಲಿ ಭೂಮಿಯಲ್ಲಿ 27 ಚತುರ್ಯುಗ ಕಳೆದಿತ್ತು, ಅವನು ಮನಸ್ಸಿನಲ್ಲಿಟ್ಟುಕೊಂಡಿದ್ದ ಹುಡುಗರೂ ಇಲ್ಲ, ಅವರ ಮರಿಮಕ್ಕಳೂ ಇಲ್ಲ. ಅದರಲ್ಲಿ ಫಿಸಿಕ್ಸ್ ಹುಡುಕಲು ನಾನು ಹೋಗುವುದಿಲ್ಲ. ಆದರೆ ಒಂದು ಗಮನಿಸಿ, ಕಕುದ್ಮಿ ಮಗಳನ್ನು ಜೊತೆಗೇ ಕರೆದುಕೊಂಡು ಹೋಗಿದ್ದ. ಅಷ್ಟು ಯುಗ ಉರುಳಿದರೂ ಅಪ್ಪ ಮಗಳ ನಡುವೆ ಒಂದು ದಿನವೂ ತಪ್ಪಲಿಲ್ಲ. ರಾಜ್ಯ ಹೋಯಿತು, ಮಗಳು ಪಕ್ಕದಲ್ಲೇ ಇದ್ದಳು. ಬಲರಾಮನಿಗೆ ಧಾರೆ ಎರೆದುಕೊಟ್ಟ. ಅವಳು ಹಳೇ ಯುಗದವಳು, ತುಂಬಾ ಎತ್ತರ, ಅದಕ್ಕೆ ಬಲರಾಮ ನೇಗಿಲಿನಿಂದ ಅವಳನ್ನು ಕುಳ್ಳಗೆ ಮಾಡಿದ ಅಂತ ವಿಷ್ಣು ಪುರಾಣದಲ್ಲಿದೆ.

ಅದು ಹೇಗೆ ಸಾರ್ ಅಂತ ಮಾತ್ರ ಕೇಳಬೇಡಿ.