ಏಡಿಯ ಕಾಲು ಎಣಿಸಿ, ಆಮೇಲೆ ತೂಕ ಹಾಕಿ

ಚನ್ನಗಿರಿ ಕಡೆಯ ಅಡಿಕೆ ಬೆಳೆಗಾರರೊಬ್ಬರು ನನ್ನ ಅಂಗಡಿಗೆ ಬರುತ್ತಾರೆ. ಬಂಗಾರಕ್ಕಲ್ಲ, ನಾಣ್ಯಕ್ಕೆ. ನಾನು ದಾವಣಗೆರೆಯಲ್ಲಿ ಬೆಳ್ಳಿ ಬಂಗಾರದ ಕೆಲಸ ಮಾಡುವವನು. ತಂದೆಯ ಕಾಲದಿಂದ ಹಳೇ ನಾಣ್ಯ ನೋಡಿ ನೋಡಿ ಕಣ್ಣು ಪಳಗಿದೆ. ಹಾಗಾಗಿ ಊರಿನ ಸಂಗ್ರಹಕಾರರು ಕೊಂಡದ್ದನ್ನೆಲ್ಲ ಒಮ್ಮೆ ನನ್ನ ಮುಂದೆ ಇಟ್ಟು ಹೋಗುತ್ತಾರೆ.

ಆ ದಿನ ಗೌಡರು ಕಾಗದ ಬಿಚ್ಚಿ ತೋರಿಸಿದ್ದು ಒಂದು ಬೆಳ್ಳಿ ನಾಣ್ಯ. ಒಂದು ಮುಖದಲ್ಲಿ ಹದ್ದು, ಇನ್ನೊಂದರಲ್ಲಿ ಏಡಿ. ಸಿಸಿಲಿ ದ್ವೀಪದ ಅಕ್ರಗಾಸ್ ಊರಿನದು, ಎರಡೂವರೆ ಸಾವಿರ ವರ್ಷ ಹಳೆಯದು ಅಂತ ಮೇಳದಲ್ಲಿ ಮಾರಿದವನು ಹೇಳಿದ್ದನಂತೆ. ತೂಕ ಹಾಕಿದೆ. 17.1 ಗ್ರಾಂ. ಅಕ್ರಗಾಸಿನ ದೊಡ್ಡ ಬೆಳ್ಳಿ ನಾಣ್ಯ ಸುಮಾರು 17.2 ಗ್ರಾಂ ಇರಬೇಕು, ಸರಿಯಾಗಿಯೇ ಇದೆ. ಗೌಡರ ಮುಖ ಅರಳಿತು.

ನಾನು ಲೆನ್ಸ್ ಹಿಡಿದು ಏಡಿಯ ಕಾಲು ಎಣಿಸಿದೆ. ಎಡಕ್ಕೆ ನಾಲ್ಕು, ಬಲಕ್ಕೆ ಮೂರು. ಲೆನ್ಸ್ ಅವರ ಕೈಗೆ ಕೊಟ್ಟೆ. ಗದ್ದೆ ಬದುವಿನಲ್ಲಿ ಏಡಿ ಹಿಡಿದು ಬೆಳೆದ ಮನುಷ್ಯ, ಒಂದೇ ನೋಟ ಸಾಕಾಯಿತು. "ಇದರ ಕಾಲು ಕಮ್ಮಿ ಐತಲ್ಲ ಆಚಾರ್ರೇ!"

ಏಡಿಗೆ ಇಕ್ಕಳದಂಥ ಎರಡು ಕಾಲು, ನಡೆಯುವ ಕಾಲು ಎಂಟು. ಅಕ್ರಗಾಸಿನ ಅಚ್ಚು ಕೆತ್ತಿದವರು ಇದನ್ನು ಬಿಡುವವರಲ್ಲ. ಹಲವು ತಜ್ಞರು ಅದನ್ನು ಸಮುದ್ರದ ಏಡಿ ಅಲ್ಲ, ಆ ಊರಿನ ಹೊಳೆಯ ಏಡಿ ಎನ್ನುತ್ತಾರೆ. ಊರಿಗೂ ಹೊಳೆಗೂ ಒಂದೇ ಹೆಸರು. ದಿನಾ ಕಣ್ಣಿಗೆ ಬೀಳುತ್ತಿದ್ದ ಜೀವವನ್ನು ಕೆತ್ತಿದವನಿಗೂ, ಫೋಟೋ ನೋಡಿ ನಕಲು ಮಾಡಿದವನಿಗೂ ವ್ಯತ್ಯಾಸ ಇರುತ್ತದೆ ಅಲ್ವಾ? ಹಾಗಂತ ಕಾಲು ಕಮ್ಮಿ ಕಂಡ ಕೂಡಲೇ ನಕಲಿ ಅನ್ನಬೇಡಿ. ಆಗ ಕೈಯಿಂದ ಸುತ್ತಿಗೆ ಹೊಡೆದು ಅಚ್ಚೊತ್ತುತ್ತಿದ್ದರು. ಬಿಲ್ಲೆ ಅಚ್ಚಿನ ಅಡಿ ಸ್ವಲ್ಪ ಸರಿದಿದ್ದರೆ ಒಂದೆರಡು ಕಾಲು ಅಂಚಿನಾಚೆ ಹೋಗಿಬಿಡುತ್ತವೆ. ಗೌಡರ ನಾಣ್ಯದಲ್ಲಿ ಬಲಗಡೆ ಬೇಕಾದಷ್ಟು ಜಾಗ ಖಾಲಿ ಇತ್ತು. ನಾಲ್ಕನೇ ಕಾಲು ಮಾತ್ರ ಇರಲಿಲ್ಲ.

ಅನುಮಾನ ಬಂದ ಮೇಲೆ ನೀರಿನ ಪರೀಕ್ಷೆ. ಇದನ್ನು ಮನೆಯಲ್ಲೇ ಮಾಡಬಹುದು. ಮಿಲಿಗ್ರಾಂ ತೋರಿಸುವ ತೂಕದ ಮೆಷಿನ್ ಮೇಲೆ ನೀರಿನ ಲೋಟ ಇಟ್ಟು ಸೊನ್ನೆಗೆ ತನ್ನಿ. ನಾಣ್ಯವನ್ನು ಸಣ್ಣ ದಾರಕ್ಕೆ ಕಟ್ಟಿ, ತಳಕ್ಕೂ ಗೋಡೆಗೂ ತಾಗದಂತೆ ಮುಳುಗಿಸಿ ಹಿಡಿಯಿರಿ. ಮೆಷಿನ್ ತೋರಿಸುವ ಅಂಕಿಯಿಂದ ನಾಣ್ಯದ ತೂಕವನ್ನು ಭಾಗಿಸಿ. ಒಳ್ಳೇ ಬೆಳ್ಳಿಗೆ ಹತ್ತೂವರೆಯ ಆಸುಪಾಸು ಬರಬೇಕು. ಅಂದರೆ 17.1 ಗ್ರಾಮಿನ ನಾಣ್ಯಕ್ಕೆ ಮೆಷಿನ್ 1.63ರ ಹತ್ತಿರ ತೋರಿಸಬೇಕು. ಗೌಡರದ್ದು 2.3 ದಾಟಿತು. ಭಾಗಿಸಿದರೆ ಏಳು ಚಿಲ್ಲರೆ. ತವರ ಜಾಸ್ತಿ ಇರುವ ಮಿಶ್ರಲೋಹ, ಮೇಲೆ ಬೆಳ್ಳಿಯ ಗಿಲೀಟು. ತೂಕ ಸರಿಬರಲಿ ಅಂತ ಬಿಲ್ಲೆಯನ್ನು ದಪ್ಪ ಮಾಡಿದ್ದರು. ಒಂಬತ್ತರ ಹತ್ತಿರ ಬಂದರೆ ಒಳಗೆ ತಾಮ್ರ ಇದೆ ಅಂತ ಶಂಕಿಸಿ. ಅಂಥ ತಾಮ್ರದ ಹೊಟ್ಟೆಯ ನಾಣ್ಯವನ್ನು ಆ ಕಾಲದ ಕಳ್ಳರೂ ಮಾಡಿದ್ದಾರೆ. ಅದನ್ನು ಬೇಕೆಂದೇ ಹುಡುಕಿ ಕೊಳ್ಳುವವರೂ ಇದ್ದಾರೆ.

ಒರೆಗಲ್ಲಿಗೆ ಮಾತ್ರ ಹಚ್ಚಬೇಡಿ. ನಮ್ಮ ಕಸುಬಿನವರ ಕೈ ಮೊದಲು ಅತ್ತಲೇ ಹೋಗುತ್ತದೆ. ಈಗಿನ ಟರ್ಕಿಯಲ್ಲಿ, ಮರ್ಮರಾ ಸಮುದ್ರದ ದಂಡೆಯ ಮೇಲೆ ಸಿಜಿಕಸ್ ಅಂತ ಊರಿತ್ತು. ಅದರ ನಾಣ್ಯ ಬಂಗಾರ ಬೆಳ್ಳಿ ಬೆರೆತ ಲೋಹದ್ದು, ಸುಮಾರು 16 ಗ್ರಾಂ. ಮುಖ್ಯ ಚಿತ್ರ ಬದಲಾಗುತ್ತಲೇ ಇರುತ್ತದೆ: ಒಮ್ಮೆ ಸಿಂಹ, ಒಮ್ಮೆ ದೇವರು, ಒಮ್ಮೆ ಹಂದಿ. ಮೂಲೆಯಲ್ಲೆಲ್ಲೋ ಒಂದು ಟ್ಯೂನಾ ಮೀನು ಮಾತ್ರ ಇದ್ದೇ ಇರುತ್ತದೆ. ಮೀನಿನ ಹಿಂಡು ಹಾದುಹೋಗುವ ದಾರಿಯಲ್ಲಿದ್ದ ಊರು, ಅದೇ ಅದರ ಗುರುತು. ಆ ಲೋಹ ಒರೆಗಲ್ಲಿನ ಮೇಲೆ ಹೇಗೆ ಗೆರೆ ಬಿಡುತ್ತದೆ ಅಂತ ನೋಡುವ ಚಪಲ ನನಗೂ ಇದೆ. ಆದರೆ ಒಂದು ಗೆರೆ ಎಳೆದರೆ ಒಂದು ಗಾಯ ಆದ ಹಾಗೆ. ಅಲ್ಲಿಗೆ ನಾಣ್ಯದ ಬೆಲೆ ಇಳಿಯಿತು.

ಜಲಚರದ ನಾಣ್ಯಗಳಲ್ಲಿ ನನಗೆ ತುಂಬಾ ಇಷ್ಟದ್ದು ಏಜಿನಾ ದ್ವೀಪದ ಆಮೆ. ಸುಮಾರು ಕ್ರಿ.ಪೂ. 550ರಿಂದ ಟಂಕಿಸಿದ ದಪ್ಪ ಬೆಳ್ಳಿ ನಾಣ್ಯ, 12 ಗ್ರಾಂ ಚಿಲ್ಲರೆ. ಗ್ರೀಕರು ಇದನ್ನು ಸುಮ್ನೆ 'ಆಮೆ' ಅಂತಲೇ ಕರೆಯುತ್ತಿದ್ದರು. ವರಾಹದ ಮುದ್ರೆ ಇದ್ದದ್ದಕ್ಕೆ ನಮ್ಮವರು ಚಿನ್ನದ ನಾಣ್ಯವನ್ನೇ 'ವರಹ' ಅಂದರಲ್ಲ, ಹಾಗೆ. ಮೊದಲಿನದು ಕಡಲಾಮೆ. ಬೆನ್ನು ನುಣುಪು, ನಡುವೆ ಸಾಲಾಗಿ ಚುಕ್ಕಿ, ಕಾಲು ದೋಣಿಯ ಹುಟ್ಟಿನಂತೆ ಚಪ್ಪಟೆ. ಆಮೇಲಿನದು ನೆಲದ ಆಮೆ, ಬೆನ್ನ ಮೇಲೆ ಚಿಪ್ಪಿನ ಪಟ್ಟಿಗಳು ಬಿಡಿಬಿಡಿಯಾಗಿ ಕಾಣುತ್ತವೆ. ಅಥೆನ್ಸ್ ಏಜಿನಾವನ್ನು ಮಣಿಸಿದ್ದು ಕ್ರಿ.ಪೂ. 457ರ ಸುಮಾರಿಗೆ. ಕಡಲಿನ ಹಿಡಿತ ತಪ್ಪಿದ್ದಕ್ಕೇ ಆಮೆ ದಡ ಹತ್ತಿತು ಅಂತ ಹೇಳುವವರಿದ್ದಾರೆ. ಕೇಳೋಕೆ ಚೆನ್ನಾಗಿದೆ, ನನಗೇನೋ ಇದು ಆಮೇಲೆ ಕಟ್ಟಿದ ಕಥೆ ಅನ್ನಿಸುತ್ತದೆ.

ಸವಕಳಿ ಓದುವುದನ್ನು ನನಗೆ ಕಲಿಸಿದ್ದು ಈ ಆಮೆಯೇ. ಕೈಯಿಂದ ಕೈಗೆ ಓಡಾಡಿದ ನಾಣ್ಯ ಎತ್ತರದ ಜಾಗದಲ್ಲಿ ಮೊದಲು ಸವೆಯುತ್ತದೆ. ಆಮೆಯ ಬೆನ್ನು ಬೋಳಾದರೂ ಕುತ್ತಿಗೆಯ ಸಂದು, ಕಾಲಿನ ಬುಡ ಚೂಪಾಗಿಯೇ ಉಳಿದಿರುತ್ತವೆ. ಎರಕದ ನಕಲಿನಲ್ಲಿ ಹಾಗಲ್ಲ. ಬೆನ್ನೂ ಮಂಕು, ಸಂದೂ ಮಂಕು. ಸೋಪಿನ ಬಿಲ್ಲೆ ನೀರಲ್ಲಿ ಕರಗಿದಂತೆ ಎಲ್ಲ ಒಂದೇ ಸಮ ಮೆತ್ತಗೆ ಕಾಣುತ್ತದೆ. ಜೊತೆಗೆ ಸೂಜಿಮೊನೆಯಷ್ಟು ಸಣ್ಣ ಗುಳ್ಳೆಗುಳಿ, ಅಂಚಿನಲ್ಲಿ ಅರದಿಂದ ಉಜ್ಜಿದ ಗುರುತು. ಎರಕದ ಬೆಸುಗೆಗೆರೆ ಅಳಿಸಲು ಅಂಚನ್ನು ಉಜ್ಜಿರುತ್ತಾರೆ. ನಾನೂ ಎರಕ ಹೊಯ್ಯುವವನೇ, ಆ ಗೆರೆ ನನ್ನ ಕಣ್ಣಿಗೆ ಬೇಗ ಬೀಳುತ್ತದೆ.

ಈ ಮಾತು ಕಪ್ಪು ಸಮುದ್ರದ ಓಲ್ಬಿಯಾ ಊರಿನ ಡಾಲ್ಫಿನ್‌ಗಳಿಗೆ ಹೊಂದುವುದಿಲ್ಲ. ಅವು ನಾಣ್ಯದ ಮೇಲಿನ ಚಿತ್ರವಲ್ಲ, ನಾಣ್ಯವೇ ಡಾಲ್ಫಿನ್. ಕಂಚನ್ನು ಮೂಸೆಯಲ್ಲಿ ಕರಗಿಸಿ, ಡಾಲ್ಫಿನ್ ಆಕಾರದ ಅಚ್ಚಿಗೆ ಹೊಯ್ದು ಮಾಡಿದ ಸಣ್ಣ ದುಡ್ಡು. ಅಲ್ಲಿ ಎರಕದ ಗೆರೆ ಇರುವುದೇ ಸರಿ. ಸಿಸಿಲಿಯ ಬೆಳ್ಳಿಗೆ ಹೋಲಿಸಿದರೆ ಅಗ್ಗ, ಹೊಸಬರು ಇದರಿಂದಲೇ ಶುರು ಮಾಡುತ್ತಾರೆ. ನಕಲು ಮಾಡುವುದೂ ಅಷ್ಟೇ ಸುಲಭ ಎನ್ನುವುದು ನೆನಪಿರಲಿ. ಹಸಿರು ಕಿಲುಬು ಲೋಹದಿಂದಲೇ ಹುಟ್ಟಿದೆಯೋ, ಮೇಲೆ ಬಳಿದದ್ದೋ ನೋಡಿ. ಬಳಿದದ್ದಾದರೆ ಉಗುರಿಗೆ ಏಳುತ್ತದೆ.

ಡಾಲ್ಫಿನ್ ಅಂದಾಗ ಎಲ್ಲರೂ ಕೇಳುವುದು ಸಿಸಿಲಿಯ ಸಿರಾಕ್ಯೂಸ್ ಊರಿನ ನಾಣ್ಯ. ಬುಗ್ಗೆಯ ದೇವತೆ ಅರೆತೂಸಾಳ ತಲೆ, ಸುತ್ತ ನಾಲ್ಕು ಡಾಲ್ಫಿನ್. ಸುತ್ತಲೂ ಕಡಲು ಇದೆ ಅಂತ ಹೇಳುವ ರೀತಿ ಅದು. ಕಿಮೋನ್ ಎಂಬ ಕೆತ್ತನೆಗಾರ ಅದರ ದೊಡ್ಡ ನಾಣ್ಯದಲ್ಲಿ ತನ್ನ ಹೆಸರನ್ನು ಒಂದು ಡಾಲ್ಫಿನ್ ಮೈಮೇಲೇ ಕೆತ್ತಿದ್ದಾನೆ. ಅಕ್ಕಸಾಲಿಯಾದ ನನಗೆ ಈ ಸೊಕ್ಕು ಬಹಳ ಹಿಡಿಸಿತು. ಅಂಥದ್ದು ನಮ್ಮ ನಿಮ್ಮ ಜೇಬಿಗೆ ಎಟುಕುವುದಲ್ಲ, ಬಿಡಿ. ಡಾಲ್ಫಿನ್ ಮೇಲೆ ಹುಡುಗ ಕೂತ, ದಕ್ಷಿಣ ಇಟಲಿಯ ತಾರಂತೊ ಊರಿನ ಬೆಳ್ಳಿ ನಾಣ್ಯ ಅದಕ್ಕಿಂತ ಸುಲಭವಾಗಿ ಸಿಗುತ್ತದೆ. ಹಳೆಯವು ಎಂಟು ಗ್ರಾಮಿಗೆ ಸ್ವಲ್ಪ ಕಮ್ಮಿ. ಕ್ರಿ.ಪೂ. 280ರ ಸುಮಾರಿನ ಯುದ್ಧಕಾಲದಲ್ಲಿ ಆರೂವರೆಗೆ ಇಳಿದವು. ಆರೂವರೆ ತೂಗಿತು ಅಂತ ಎಸೆಯಬೇಡಿ, ಮೊದಲು ಕಾಲ ಯಾವುದು ನೋಡಿ.

"ಕಡಲು ಕಾಣದ ದಾವಣಗೆರೆಯಲ್ಲಿ ಕೂತು ಇದೆಲ್ಲ ಯಾಕೆ?" ಅಂತ ನನ್ನ ಹೆಂಡತಿಯೇ ಕೇಳುತ್ತಾಳೆ. ಕಡಲಾಚೆಯ ದುಡ್ಡು ನಮ್ಮ ಕಡೆಗೆ ಹೊಸದೇನಲ್ಲ. ಚಿತ್ರದುರ್ಗದ ಬೆಟ್ಟದ ಮಗ್ಗುಲಿನ ಚಂದ್ರವಳ್ಳಿಯಲ್ಲಿ ಶಾತವಾಹನರ ಕಾಲದ ಸೀಸದ ನಾಣ್ಯಗಳ ಜೊತೆ ರೋಮಿನ ಅಗಸ್ಟಸ್, ತೈಬೀರಿಯಸ್ ಕಾಲದ ಬೆಳ್ಳಿ ನಾಣ್ಯಗಳೂ ಸಿಕ್ಕಿವೆ. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಲ್ಲಿ ಅಗೆದಿದ್ದರು. ಅಗಸ್ಟಸ್‌ನ ಕೆಲವು ಬೆಳ್ಳಿ ನಾಣ್ಯಗಳ ಮೇಲೆ ಮುಂದೆ ಆಡು, ಹಿಂದೆ ಮೀನಿನ ಬಾಲ ಇರುವ ಪ್ರಾಣಿ ಇದೆ. ಪಂಚಾಂಗ ನೋಡುವವರು ಅದನ್ನು ಕಂಡ ಕೂಡಲೇ ಮಕರ ರಾಶಿ ಅನ್ನುತ್ತಾರೆ. ಹಾಗಂತ ನಮ್ಮ ಸೀಮೆಯಲ್ಲಿ ಅಂಥದ್ದನ್ನು ನಿರೀಕ್ಷಿಸಬೇಡಿ. ದಕ್ಷಿಣ ಭಾರತದಲ್ಲಿ ಹೆಚ್ಚು ಸಿಗುವುದು ಅಗಸ್ಟಸ್‌ನ ಇಬ್ಬರು ಮೊಮ್ಮಕ್ಕಳು ನಿಂತ ನಾಣ್ಯ, ಇಲ್ಲವೇ ತೈಬೀರಿಯಸ್‌ನ ಕುಳಿತ ಹೆಂಗಸಿನ ನಾಣ್ಯ.

ಮೀನೇ ಬೇಕು ಅಂದರೆ ಹತ್ತಿರದಲ್ಲೇ ಇದೆ. ತುಳುನಾಡಿನ ಆಳುಪರ ಚಿನ್ನದ ನಾಣ್ಯದ ಮೇಲೆ ಜೋಡಿ ಮೀನು, ಹಿಂದೆ 'ಶ್ರೀ ಪಾಂಡ್ಯ ಧನಂಜಯ' ಅಂತ ಅಕ್ಷರ. ಮಧುರೆಯ ಪಾಂಡ್ಯರ ತಾಮ್ರದ ಕಾಸಿನಲ್ಲೂ ಮೀನು. ಚೋಳರ ಕೆಲವು ನಾಣ್ಯಗಳಲ್ಲಿ ಕೂತ ಹುಲಿಯ ಪಕ್ಕ ಮೀನು ಇದೆ. ಅದು ಚೋಳರ ಮೀನಲ್ಲ, ಸೋತ ಪಾಂಡ್ಯರದ್ದು. ಗ್ರೀಕರ ನಾಣ್ಯದ ಮೀನು ಹೆಚ್ಚಾಗಿ ಅಲ್ಲಿನ ನೀರಿನದು, ನಮ್ಮದು ರಾಜರ ಲಾಂಛನ. ಅದಕ್ಕೇ ನಮ್ಮ ಮೀನಿನ ರೆಕ್ಕೆ ಎಣಿಸಿ ಪ್ರಯೋಜನವಿಲ್ಲ, ಅಕ್ಷರ ಓದಬೇಕು.

ಸೀಸದ ನಾಣ್ಯ ಇರುವವರಿಗೆ ಒಂದು ಮಾತು: ತಿಕ್ಕಿ ತೊಳೆಯಬೇಡಿ. ನನ್ನ ಅಜ್ಜ ಅಂಥ ಒಂದನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ, ಗುರುತೆಲ್ಲ ಅಳಿಸಿ, ಫಳಫಳ ಹೊಳೆಯುವ ಬಿಲ್ಲೆ ಮಾಡಿ ಇಟ್ಟಿದ್ದರು. ಮರದ ಬೀರುವೂ ಬೇಡ. ಮರದಿಂದ ಏಳುವ ಹುಳಿ ಆವಿಗೆ ಸೀಸ ಬಿಳಿ ಪುಡಿಯಾಗಿ ಉದುರುತ್ತದೆ. ಆ ಪುಡಿ ವಿಷ, ಮುಟ್ಟಿದರೆ ಕೈ ತೊಳೆಯಿರಿ. ಪಿವಿಸಿ ಕವರ್ ಕೂಡ ಬೇಡ, ಬೆಳ್ಳಿ ತಾಮ್ರಗಳ ಮೇಲೆ ಹಸಿರು ಅಂಟು ಬಿಡುತ್ತದೆ. ಇನ್ನು ಹೊಲ ಉಳುವಾಗ ನಾಣ್ಯದ ಗಡಿಗೆ ಸಿಕ್ಕರೆ ನನ್ನ ಹತ್ತಿರ ತರಬೇಡಿ, ಮೊದಲು ಜಿಲ್ಲಾಧಿಕಾರಿಗೆ ತಿಳಿಸಿ. ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆಯ ಪ್ರಕಾರ ಪುರಾತನ ವಸ್ತು. ಹೊರದೇಶದವನು ಆನ್‌ಲೈನಿನಲ್ಲಿ ಎಷ್ಟೇ ಕೊಡುತ್ತೇನೆ ಅಂದರೂ ಅಂಚೆಗೆ ಹಾಕುವಂತಿಲ್ಲ.

ಗೌಡರು ಮುಂದಿನ ಸಲ ಬಂದಾಗ ಕೈಯಲ್ಲಿ ಮುಚ್ಚಳಕ್ಕೆ ತೂತು ಮಾಡಿದ ಪ್ಲಾಸ್ಟಿಕ್ ಡಬ್ಬಿ ಇತ್ತು. ಒಳಗೆ ಭದ್ರಾ ಕಾಲುವೆಯ ಏಡಿ. ಗಾಜಿನ ಮೇಜಿನ ಮೇಲೆ ಏಡಿಯನ್ನೂ ಆ ನಕಲಿ ನಾಣ್ಯವನ್ನೂ ಪಕ್ಕಪಕ್ಕ ಇಟ್ಟೆವು. ನಮ್ಮ ಅಂಗಡಿ ಹುಡುಗ ಚಿಮಟದ ತುದಿಯಿಂದ ಒಂದೊಂದೇ ಎಣಿಸಿದ. ಎಂಟು ಕಾಲು, ಎರಡು ಇಕ್ಕಳ. ಸಂಜೆ ಮತ್ತೆ ಕಾಲುವೆಗೇ ಬಿಡುತ್ತೇನೆ ಅಂತ ಗೌಡರು ಡಬ್ಬಿ ಮುಚ್ಚಿಕೊಂಡು ಹೋದರು. ಬಿಟ್ಟರೋ, ಸಾರಾಯಿತೋ, ನಾನು ಕೇಳಲಿಲ್ಲ.