ಮೂರು ಶಿಕ್ಕಾದ ಲೆಕ್ಕ

ವಿಧಾನಸಭೆ ಚುನಾವಣೆಯಲ್ಲಿ ಒಬ್ಬರಿಗೆ ಒಂದೇ ವೋಟು. ಗ್ರಾಮ ಪಂಚಾಯ್ತಿಯಲ್ಲಿ ಹಾಗಲ್ಲ. 1993ರ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯ. ಹಾಗಾಗಿ ರೋಣ, ಕುಂದಗೋಳ, ಹಾನಗಲ್ಲ ಕಡೆಯ ದೊಡ್ಡ ಊರುಗಳಲ್ಲಿ ಒಂದೇ ವಾರ್ಡಿಗೆ ಎರಡು, ಮೂರು ಸ್ಥಾನ ಬೀಳುತ್ತವೆ. ಎಷ್ಟು ಸ್ಥಾನವೋ ಮತದಾರನಿಗೆ ಅಷ್ಟು ವೋಟು. ಆದರೆ ಒಬ್ಬ ಅಭ್ಯರ್ಥಿಗೆ ಒಂದಕ್ಕಿಂತ ಹೆಚ್ಚು ಹಾಕುವಂತಿಲ್ಲ. ಊರಿನ ಅರ್ಧ ರಾಜಕಾರಣ ಹುಟ್ಟುವುದೇ ಈ ಒಂದು ನಿಯಮದಿಂದ.

ಮೂರು ಸ್ಥಾನ, 900 ಮತದಾರರ ಒಂದು ವಾರ್ಡು ಇದೆ ಅಂದುಕೊಳ್ಳಿ. ಮೀಸಲಾತಿಯನ್ನು ಸದ್ಯ ಬದಿಗಿಡೋಣ. ಮೇಲಿನ ಓಣಿಯಲ್ಲಿ 500 ವೋಟು, ಕೆಳಗಿನ ಓಣಿಯಲ್ಲಿ 400. ಎರಡೂ ಕಡೆಯವರು ಮೂರು ಮೂರು ಜನರ ಪ್ಯಾನೆಲ್ ಕಟ್ಟಿದರು, ಯಾರೂ ಆಚೀಚೆ ಜಾರಲಿಲ್ಲ. ಮೇಲಿನವರು ಮೂವರೂ ತಲಾ 500 ಪಡೆದು ಗೆದ್ದರು, ಕೆಳಗಿನವರು ಮೂವರೂ ತಲಾ 400 ಪಡೆದು ಮನೆಗೆ ಹೋದರು. ನೂರಕ್ಕೆ 56 ವೋಟಿಗೆ ಮೂರಕ್ಕೆ ಮೂರು ಸ್ಥಾನ!

ಈಗ ಮೇಲಿನ ಓಣಿಯಲ್ಲಿ ಟಿಕೆಟ್ ಸಿಗದ ಒಬ್ಬ ಸಿಟ್ಟಿಗೆದ್ದು ನಾಲ್ಕನೆಯವನಾಗಿ ನಿಂತ ಅನ್ನಿ. ಹೌದು, ಪಂಚಾಯ್ತಿಯಲ್ಲಿ ಪಕ್ಷದ ಚಿಹ್ನೆ ಇಲ್ಲ. ಟಿಕೆಟ್ ಮಾತ್ರ ಪ್ರತಿ ಓಣಿಯಲ್ಲೂ ಇದೆ. 500 ಜನರ 1,500 ವೋಟು ನಾಲ್ವರಲ್ಲಿ ಸಮನಾಗಿ ಹಂಚಿದರೆ ತಲಾ 375. ಕೆಳಗಿನವರ 400 ಹಾಗೇ ಇದೆ. ಈಗ ಮೂರೂ ಸ್ಥಾನ ಅವರದ್ದು. ಒಬ್ಬ ಮತದಾರನೂ ಓಣಿ ಬದಲಿಸಿಲ್ಲ, ಫಲಿತಾಂಶ ಪೂರ್ತಿ ತಿರುವುಮುರುವು. ನಾಮಪತ್ರ ವಾಪಸ್ ತೆಗೆಸಲು ಕೊನೆಯ ದಿನ ಹಿರಿಯರು ಗುಡಿಕಟ್ಟೆಗೆ ಕರೆಸಿ ಕೂರಿಸುವುದು ಸುಮ್ಮನೆ ಅಲ್ಲ.

ಓಣಿಯಷ್ಟೇ ಬಿಗಿಯಾದ ಇನ್ನೊಂದು ಗಂಟು ಬೀಗತನ. ಮೊದಲ ಎರಡು ಸ್ಥಾನ ಖಚಿತವಾಗಿ, ಮೂರನೆಯದಕ್ಕೆ ಇಬ್ಬರ ನಡುವೆ ಪೈಪೋಟಿ ಇದೆ. ನಿಮ್ಮವನಿಗೆ 210 ಬಂತು, ಎದುರಿನವನಿಗೆ 217. ನಿಮ್ಮವನಿಗೇ ಒತ್ತಿದ 12 ಜನ ‘ಬೀಗರು, ಬ್ಯಾಡ ಅನ್ನಾಕ ಬರಂಗಿಲ್ಲ’ ಅಂತ ಎರಡನೇ ವೋಟನ್ನು ಎದುರಿನವನಿಗೂ ಒತ್ತಿದ್ದರು. ಅವರು ಅದನ್ನು ಖಾಲಿ ಬಿಟ್ಟಿದ್ದರೆ ಎದುರಿನವನು 205ಕ್ಕೆ ನಿಲ್ಲುತ್ತಿದ್ದ. ಪಳಗಿದ ಅಭ್ಯರ್ಥಿ ಪ್ರಚಾರದ ಕೊನೆಯ ರಾತ್ರಿ ‘ನನಗೊಂದ ಒತ್ತರಿ, ಉಳಿದದ್ದು ಖಾಲಿ ಬಿಡ್ರಿ’ ಎನ್ನುವುದು ಇದಕ್ಕೇ. ಮೂರಕ್ಕಿಂತ ಕಡಿಮೆ ಒತ್ತಿದರೂ ಮತಪತ್ರ ಸಿಂಧು.

ನಾಲ್ಕು ಒತ್ತಿದರೆ ಮಾತ್ರ ಇಡೀ ಚೀಟಿ ರದ್ದು, ಮೂರೂ ವೋಟು ಹೋದವು. 2020ರ ಡಿಸೆಂಬರ್ 22 ಮತ್ತು 27ರಂದು ಎರಡು ಹಂತದಲ್ಲಿ ನಡೆದ ಚುನಾವಣೆಯಲ್ಲಿ ಈ ಊರುಗಳಿರುವ ಗದಗ, ಧಾರವಾಡ, ಹಾವೇರಿ ಜಿಲ್ಲೆಗಳಲ್ಲಿ ಯಂತ್ರ ಇರಲಿಲ್ಲ, ಕಾಗದದ ಮತಪತ್ರವೇ. ಕಾಗದ ಬಂದ ಕೂಡಲೇ ಅದರ ಹಳೆಯ ಕಾಟಗಳೂ ಬರುತ್ತವೆ. ಬಾಣದ ಗುರುತಿನ ಶಿಕ್ಕಾ ಬಿಟ್ಟು ಹೆಬ್ಬೆಟ್ಟು ಒತ್ತಿದರೆ ನಡೆಯುವುದಿಲ್ಲ. ಮಡಿಕೆಯಲ್ಲೂ ಜಾಣತನ ಬೇಕು: ಮೊದಲು ಉದ್ದಕ್ಕೆ ಮಡಚಿದರೆ ಹಸಿ ಮಸಿ ಅಂಟಿದರೂ ಅದೇ ಅಭ್ಯರ್ಥಿಯ ಸಾಲಿಗೆ ಅಂಟುತ್ತದೆ, ಅಡ್ಡಕ್ಕೆ ಮಡಚಿದರೆ ಇನ್ನೊಬ್ಬನ ಚಿಹ್ನೆಯ ಮೇಲೆ ನೆರಳು ಮೂಡುತ್ತದೆ. ಮೂಲ ಗುರುತು ಯಾವುದು ಅಂತ ಸ್ಪಷ್ಟವಾಗಿದ್ದರೆ ಅಂಥ ನೆರಳಿಗೆ ಚೀಟಿ ರದ್ದಾಗುವುದಿಲ್ಲ, ಆದರೆ ಎಣಿಕೆ ಟೇಬಲಿನಲ್ಲಿ ಏಜೆಂಟರ ಜಗಳ ತಪ್ಪುವುದಿಲ್ಲ.

ಮೀಸಲಾತಿ ಸೇರಿಸಿದರೆ ಲೆಕ್ಕಕ್ಕೆ ಇನ್ನೊಂದು ಮಡಿಕೆ. ಮೀಸಲು ಸ್ಥಾನದ ಗೆಲುವು ಅದಕ್ಕೆ ಅರ್ಹರಾದವರ ನಡುವೆಯೇ ತೀರ್ಮಾನವಾಗುವುದರಿಂದ 190 ವೋಟಿನ ಮಹಿಳೆ ಗೆದ್ದು, ಸಾಮಾನ್ಯ ಸ್ಥಾನಕ್ಕೆ ನಿಂತು 260 ಪಡೆದವನು ಸೋಲಬಹುದು. ಚಹಾದಂಗಡಿಯಲ್ಲಿ ಇದನ್ನು ಮೋಸ ಎನ್ನುವವರಿದ್ದಾರೆ. ಅವರು ಎರಡು ಬೇರೆ ಪೈಪೋಟಿಗಳನ್ನು ಒಂದೇ ತಕ್ಕಡಿಯಲ್ಲಿ ತೂಗುತ್ತಿದ್ದಾರೆ, ಅಷ್ಟೇ. ಅಧ್ಯಕ್ಷ ಸ್ಥಾನದ್ದೂ ಹೀಗೇ. 15 ಸದಸ್ಯರಲ್ಲಿ 10 ಜನ ಒಂದೇ ಗುಂಪಿನವರಿದ್ದರೂ, ಪದವಿ ಪರಿಶಿಷ್ಟ ಪಂಗಡದ ಮಹಿಳೆಗೆ ಮೀಸಲಾಗಿ ಅಂಥವರು ಎದುರು ಗುಂಪಿನಲ್ಲಿ ಒಬ್ಬರೇ ಇದ್ದರೆ, ಕುರ್ಚಿ ಅವರದ್ದೇ.

ನಿಮ್ಮ ವಾರ್ಡಿನಲ್ಲಿ ಯಾವ ಆಟ ನಡೆಯಿತು ಅಂತ ತಿಳಿಯಲು ಒಂದು ಸುಲಭ ಭಾಗಾಕಾರ ಸಾಕು. ಎಲ್ಲ ಅಭ್ಯರ್ಥಿಗಳ ವೋಟು ಕೂಡಿಸಿ, ಸಿಂಧುವಾದ ಮತಪತ್ರಗಳ ಸಂಖ್ಯೆಯಿಂದ ಭಾಗಿಸಿ. ಮೂರು ಸ್ಥಾನದ ವಾರ್ಡಿನಲ್ಲಿ 600 ಚೀಟಿಗೆ 1,740 ವೋಟು ಬಂದಿದ್ದರೆ ಸರಾಸರಿ 2.9: ಜನ ಮೂರೂ ವೋಟು ಬಳಸಿದ್ದಾರೆ, ಪ್ಯಾನೆಲ್ ಗಟ್ಟಿಯಿತ್ತು ಅಥವಾ ಬೀಗತನ ಜೋರಿತ್ತು. ಎರಡರಲ್ಲಿ ಯಾವುದು ಅನ್ನುವುದು ಒಂದೇ ಪ್ಯಾನೆಲಿನ ಮೂವರ ವೋಟು ಎಷ್ಟು ಹತ್ತಿರ ಇವೆ ಅನ್ನುವುದರಿಂದ ಗೊತ್ತಾಗುತ್ತದೆ. ಸರಾಸರಿ 1.8ಕ್ಕೆ ಇಳಿದಿದ್ದರೆ ‘ನನಗೊಂದ ಒತ್ತರಿ’ ಎಂಬ ಮಾತು ಮನೆಮನೆ ತಲುಪಿದೆ. ಇಬ್ಬರಿಗೆ ಸರಿಸಮ ವೋಟು ಬಿದ್ದರೆ ಮಾತ್ರ ಯಾವ ಭಾಗಾಕಾರವೂ ನಡೆಯುವುದಿಲ್ಲ. ಚುನಾವಣಾಧಿಕಾರಿ ಚೀಟಿ ಎತ್ತುತ್ತಾರೆ.